ಪುಟಸಂಖ್ಯೆಯಲ್ಲಿ ತಪ್ಪಿಲ್ಲ

ನಮ್ಮ ಭಾವನಿಗೆ ಬುದ್ಧಿ ಇಲ್ಲ ಎಂದು ನಾನು ಹೇಳುವುದಿಲ್ಲ. ಬೇಕಾದಷ್ಟಿದೆ. ಆದರೆ ಭಾವ ಮನೆಯಿಂದ ಹೊರಟು ಅರ್ಧ ದಾರಿ ನಡೆದ ಮೇಲೆ ಅದು ಎದ್ದು, ಮುಖ ತೊಳೆದು, ಅವರನ್ನು ಹುಡುಕಿಕೊಂಡು ಹೊರಡುತ್ತದೆ. ಅಷ್ಟರಲ್ಲಿ ಆಗಬಾರದ್ದು ಆಗಿರುತ್ತದೆ.

ಅವರದು ಪುಸ್ತಕ ಬೈಂಡಿಂಗ್ ಅಂಗಡಿ. ಪಕ್ಕದ್ದು ನನ್ನ ಸ್ಕೂಟರ್ ರಿಪೇರಿ ಅಂಗಡಿ. ನಡುವೆ ಇರುವುದು ಒಂದು ತಗಡಿನ ಗೋಡೆ. ಅಲ್ಲಿ ಸುತ್ತಿಗೆ ಬಿದ್ದರೆ ಇಲ್ಲಿ ನನ್ನ ಟೀ ಲೋಟ ಕುಣಿಯುತ್ತದೆ. ಲಾಯರುಗಳ ಪುಸ್ತಕ, ಡಾಕ್ಟರುಗಳ ಪುಸ್ತಕ, ಹರಿದುಹೋದ ನಿಘಂಟು, ಎಲ್ಲವೂ ಭಾವನ ಕೈಯಿಂದ ಹಾದುಹೋಗಿವೆ. ಒಂದನ್ನೂ ಅವರು ಓದಿಲ್ಲ. ಓದುವುದು ಪುಟಸಂಖ್ಯೆ ಮಾತ್ರ. "ಒಳಗೇನಿದೆ ಅನ್ನೋದು ಬರೆದವನ ಜವಾಬ್ದಾರಿ. ಸಾಲಾಗಿದೆಯಾ ಅನ್ನೋದು ನನ್ನ ಜವಾಬ್ದಾರಿ" ಎನ್ನುತ್ತಾರೆ. ಒಳ್ಳೆಯ ಮಾತು. ಇಂಥ ಒಳ್ಳೆಯ ಮಾತುಗಳಿಂದಲೇ ಮನೆಗಳು ಹಾಳಾಗುವುದು.

ಅಕ್ಕನ ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಬಂಗಾರದಂಥವನು, ಸ್ಕೂಟರ್ ರಿಪೇರಿಗೆ ತಂದರೆ ಚೌಕಾಸಿ ಮಾಡುವುದಿಲ್ಲ. ಅದಕ್ಕಿಂತ ದೊಡ್ಡ ಗುಣವನ್ನು ನಾನು ಮನುಷ್ಯರಲ್ಲಿ ಹುಡುಕುವುದಿಲ್ಲ. ತೊಡಕು ಇದ್ದದ್ದು ಅವನ ತಂದೆಯಲ್ಲಿ. ಅವರದು ಹಳೆಯ ಕಾಮಿಕ್ಸ್ ಅಂಗಡಿ. ಮುಖಕ್ಕೆ ಪಟ್ಟಿ, ಹೆಗಲಿಗೆ ಬಣ್ಣದ ಬಟ್ಟೆ ಕಟ್ಟಿಕೊಂಡು ಹಾರಾಡುತ್ತಾ ಊರು ಕಾಯುವ ವೀರರ ಚಿತ್ರಕಥೆಗಳು. ಆ ಅಂಗಡಿಗೆ ಕಾಲಿಟ್ಟರೆ ಆಸ್ಪತ್ರೆಗೆ ರೋಗಿ ನೋಡಲು ಬಂದ ಹಾಗೆ. ಒಂದೊಂದು ಪುಸ್ತಕಕ್ಕೂ ಒಂದೊಂದು ಪ್ಲಾಸ್ಟಿಕ್ ಚೀಲ, ಚೀಲದ ಬಾಯಿಗೆ ಅಂಟುಪಟ್ಟಿ. ಗಿರಾಕಿಗಳು ಪಿಸುಗುಟ್ಟುತ್ತಾರೆ. ಮಾಲೀಕರು ಎರಡೂ ಕೈಗೆ ಬಿಳಿ ಕೈಗವಸು ಹಾಕಿಕೊಂಡು ಓಡಾಡುತ್ತಾರೆ. ಅವರನ್ನು ನಾವು ಮನೆಯಲ್ಲಿ ಗವಸಿನ ಬೀಗರು ಎಂದು ಕರೆಯುತ್ತಿದ್ದೆವು. ಇನ್ನೂ ಬೀಗರಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಆಗಿರಲಿಲ್ಲ ಏಕೆಂದರೆ ಅವರು ಒಪ್ಪಿರಲಿಲ್ಲ. "ಹುಡುಗಿ ಒಳ್ಳೆಯವಳೇ. ಆದರೆ ಬೆರಳನ್ನ ನಾಲಗೆಗೆ ಮುಟ್ಟಿಸಿ ಪುಟ ತಿರುಗಿಸ್ತಾಳೆ. ನಾನೇ ಕಣ್ಣಾರೆ ನೋಡಿದೀನಿ" ಎಂದು ಹೇಳಿ ಕಳಿಸಿದ್ದರು. ನನಗೆ ಆ ದಿನವೇ ಸ್ಪ್ಯಾನರ್ ಹಿಡಿದು ಹೋಗಬೇಕೆನಿಸಿತ್ತು. ಅಕ್ಕ ತಡೆದಳು.

ಅಂಥವರು ಒಂದು ಬೆಳಿಗ್ಗೆ ಕೈಯಲ್ಲಿ ಪೆಟ್ಟಿಗೆ ಹಿಡಿದು ಭಾವನ ಅಂಗಡಿಗೇ ಬಂದರು. ನಾನು ಸ್ಕೂಟರ್ ಬಿಟ್ಟು ಓಡಿ ಹೋಗಿ ಭಾವನ ಪಕ್ಕ ನಿಂತೆ. ಗವಸಿನ ಬೀಗರು ಅಂಗಡಿಯ ಅಂಟು, ದಾರ, ಕತ್ತರಿ ಎಲ್ಲವನ್ನೂ ಅನುಮಾನದಿಂದ ನೋಡಿ, ಮೆಲ್ಲಗೆ ಕೇಳಿದರು:

"ನಿಮಗೆ ಕಾಮಿಕ್ಸ್ ಅಭ್ಯಾಸ ಇದೆಯಾ?"

ಇಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನೂ ಹೋಗಿ ಕಾರ್ಬ್ಯುರೇಟರ್ ತೊಳೆಯುತ್ತಿದ್ದೆ.

"ಏನ್ ಕೇಳ್ತೀರಿ ಬೀಗರೇ!" ಎಂದರು ಭಾವ. "ಚಿಕ್ಕಂದಿನಲ್ಲಿ ಊಟ ಬಿಟ್ಟಿದೀನಿ, ಸ್ಕೂಲು ಬಿಟ್ಟಿದೀನಿ. ಕಾಮಿಕ್ಸ್ ಬಿಟ್ಟವನಲ್ಲ."

ಬೀಗರ ಮುಖ ಅರಳಿತು. "ಹೌದಾ! ಯಾರು ನಿಮಗೆ ಇಷ್ಟ?"

ಭಾವ ಪೆಟ್ಟಿಗೆಯೊಳಗೆ ಇಣುಕಿ, ಮೇಲಿದ್ದ ಪುಸ್ತಕದ ಕಡೆ ಬೆರಳು ತೋರಿಸಿದರು. "ಇವನು."

"ಸಿಡಿಲಧೀರ! ಅಬ್ಬಾ! ಮೊದಲಿನ ಸಿಡಿಲಧೀರನೋ, ಸತ್ತು ವಾಪಸ್ ಬಂದ ಸಿಡಿಲಧೀರನೋ?"

ಸತ್ತವನು ವಾಪಸ್ ಬರುವುದು ಆ ಪುಸ್ತಕಗಳಲ್ಲಿ ಮಾಮೂಲಂತೆ. ನಮಗೇನು ಗೊತ್ತು? ಭಾವ ದೊಡ್ಡ ನಿಟ್ಟುಸಿರು ಬಿಟ್ಟರು.

"ಅವನು ಸತ್ತ ದಿನ ನಮ್ಮ ಮನೇಲಿ ಒಲೆ ಹಚ್ಚಲಿಲ್ಲ ಬೀಗರೇ."

ಗವಸಿನ ಬೀಗರು ಬಿಳಿ ಬೆರಳಿನಿಂದ ಕಣ್ಣೊರೆಸಿಕೊಂಡರು. "ನಮ್ಮ ಮನೇಲೂ" ಎಂದರು. ಇಬ್ಬರೂ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತರು. ಯಾವನೋ ಕಾಗದದ ಮೇಲಿನವನಿಗೆ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಮೌನ ಆಚರಣೆಯಾಯಿತು. ನಾನೂ ಟೋಪಿ ತೆಗೆದೆ, ಯಾಕೆ ತೆಗೆದೆನೋ.

ಆಮೇಲೆ ವಿಷಯ ಹೊರಬಿತ್ತು. ಕಾಮಿಕ್ಸ್ ಅಭಿಮಾನಿಗಳ ದೊಡ್ಡ ಸಮಾವೇಶ ಹತ್ತಿರ ಬಂದಿತ್ತು. ಅಲ್ಲಿ ಅತ್ಯುತ್ತಮ ಸಂಗ್ರಹಕ್ಕೆ ಒಂದು ಬಹುಮಾನ. ಪೆಟ್ಟಿಗೆಯಲ್ಲಿದ್ದದ್ದು ಬೀಗರ ಪ್ರಾಣ: ಒಂದೇ ಪ್ರಕಾಶಕರ, ಒಂದೇ ಅಳತೆಯ ಹನ್ನೆರಡು ಪುಸ್ತಕ. ಒಂದೊಂದರಲ್ಲಿ ಒಬ್ಬೊಬ್ಬ ವೀರ. ಸಿಡಿಲಧೀರ, ಉಕ್ಕಜ್ಜ, ಮಂಜುಗಣ್ಣಿ, ರಬ್ಬರ್ ರಾಯ, ಹೀಗೆ. ಎಲ್ಲಕ್ಕೂ ನಡುವೆ ಹೊಡೆದ ಪಿನ್ನು ತುಕ್ಕು ಹಿಡಿದಿತ್ತು.

"ಹಳೇ ಪಿನ್ನು ತೆಗೀಬೇಕು, ತುಕ್ಕು ಹಿಡಿಯದ ಹೊಸ ಪಿನ್ನು ಅದೇ ತೂತಲ್ಲಿ ಕೂರಿಸಬೇಕು. ಅಷ್ಟೇ" ಎಂದರು ಬೀಗರು. "ಬೇರೆ ಯಾವ ಬೈಂಡರ್‌ಗೂ ಕೊಡೋ ಧೈರ್ಯ ಇರಲಿಲ್ಲ. ಅವರಿಗೆ ಪ್ರೀತಿ ಇರಲ್ಲ. ನಿಮ್ಮನ್ನ ನೋಡಿದ ಮೇಲೆ ಧೈರ್ಯ ಬಂತು. ಬಹುಮಾನ ಬಂದ್ರೆ ಅದೇ ವೇದಿಕೆ ಮೇಲೆ ಮಕ್ಕಳ ಮದುವೆ ಮಾತು ಹೇಳಿಬಿಡ್ತೀನಿ."

ಅವರು ಆ ಕಡೆ ಹೋದದ್ದೇ ತಡ, ಭಾವ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ನೋಡಿದ್ಯೇನಪ್ಪಾ? ಇದಕ್ಕೆ ಅನ್ನೋದು ವ್ಯವಹಾರ ಅಂತ."

"ಭಾವ, ಆ ಸಿಡಿಲಿನವನು ಯಾರು ಅಂತ ನಿಮಗೆ ಗೊತ್ತಾ?"

"ಪಾಪ, ಸತ್ತಿದಾನೆ, ವಾಪಸ್ ಬಂದಿದಾನೆ. ಇನ್ನೇನು ಗೊತ್ತಿರಬೇಕು?"

ಕೆಲಸ ಶುರುವಾಯಿತು. ಒಂದು ಪುಸ್ತಕದ ಪಿನ್ನು ತೆಗೆದು, ಹೊಸದು ಹಾಕಿ, ಆಮೇಲೆ ಇನ್ನೊಂದನ್ನು ಮುಟ್ಟುವುದು ನಿಮ್ಮ ನಮ್ಮಂಥವರ ರೀತಿ. ಬೈಂಡರುಗಳ ರೀತಿ ಹಾಗಲ್ಲ. ಒಂದು ಕೆಲಸ ಹಿಡಿದರೆ ಎಲ್ಲ ಪುಸ್ತಕಕ್ಕೂ ಅದನ್ನೇ ಮಾಡಿ ಮುಗಿಸಿ, ಆಮೇಲೆ ಮುಂದಿನ ಕೆಲಸ. ಭಾವ ಹನ್ನೆರಡಕ್ಕೂ ಪಿನ್ನು ಬಿಚ್ಚಿದರು. ರಟ್ಟುಗಳನ್ನು ಪಕ್ಕಕ್ಕಿಟ್ಟರು. ಒಳಗಿನ ಮಡಚಿದ ಹಾಳೆಗಳನ್ನು ಉಗುರಿನಲ್ಲಿ ಮುಟ್ಟಿದರೆ ನೋವಾದೀತು ಎನ್ನುವಂತೆ ಮೇಜಿನ ಮೇಲೆ ಹರಡಿದರು. ಅಷ್ಟು ನಾಜೂಕಾಗಿ ಅವರು ನಮ್ಮ ಅಕ್ಕನನ್ನೂ ನಡೆಸಿಕೊಂಡಿಲ್ಲ.

ಆಗ ಅಕ್ಕ ಊಟದ ಡಬ್ಬಿ ತಂದಳು.

"ಅಯ್ಯೋ ಈ ಸೆಕೇಲಿ ಹೇಗ್ರೀ ಕೂತಿದೀರಿ?" ಎಂದು ಫ್ಯಾನಿನ ಗುಂಡಿ ಒತ್ತಿದಳು.

ನಮ್ಮ ಭಾವನ ಅಂಗಡಿ ಫ್ಯಾನಿಗೆ ನಿಧಾನ ಎನ್ನುವುದು ಗೊತ್ತಿಲ್ಲ. ತಿರುಗಿದರೆ ಬಿರುಗಾಳಿ, ಇಲ್ಲದಿದ್ದರೆ ಶವ. ಸಿಡಿಲಧೀರ ಮೊದಲು ಹಾರಿದ. ಹಿಂದೆಯೇ ಉಕ್ಕಜ್ಜ, ಮಂಜುಗಣ್ಣಿ. ರಬ್ಬರ್ ರಾಯ ಅಂಟಿನ ಡಬ್ಬಿಯ ತನಕ ಹೋಗಿ ಪುಣ್ಯಕ್ಕೆ ಹೊರಗೇ ಬಿದ್ದ. ಅವರೆಲ್ಲ ಹಾರಬಲ್ಲವರೇ, ಅದರಲ್ಲಿ ಆಶ್ಚರ್ಯವಿಲ್ಲ. ತಗಡಿನ ಗೋಡೆಯ ಈಚೆ ನಾನು ಕೇಳಿದ್ದು ಅಕ್ಕನ ಕಿರುಚಾಟ ಮಾತ್ರ. ಓಡಿ ಬಂದು ನೋಡಿದರೆ ನೆಲ ಕಾಣಿಸುತ್ತಿಲ್ಲ.

"ಆಯ್ತು, ಮಗಳ ಮದುವೆ ಆಯ್ತು!" ಎಂದು ಅಕ್ಕ ಅಳತೊಡಗಿದಳು.

ಭಾವ ನಕ್ಕರು. ನಿಜವಾಗಿ ನಕ್ಕರು. "ಹುಚ್ಚಿ! ಕೆಳಗೆ ನಂಬರ್ ಇರೋ ತನಕ ಬೈಂಡರ್‌ಗೆ ಯಾರ ಭಯ?" ಎಂದು ನೆಲದ ಮೇಲೆ ಕೂತು, ಒಂದೊಂದೇ ಹಾಳೆ ಎತ್ತಿ, ಸಂಖ್ಯೆ ನೋಡಿ ಗುಡ್ಡೆ ಮಾಡಿದರು. ಒಂದನೇ ಪುಟದ ಹಾಳೆಗಳೆಲ್ಲ ಒಂದು ಕಡೆ, ಮೂರನೆಯವು ಒಂದು ಕಡೆ, ಐದನೆಯವು ಒಂದು ಕಡೆ. ಆಮೇಲೆ ಪ್ರತಿ ಗುಡ್ಡೆಯಿಂದ ಒಂದೊಂದು ಹಾಳೆ ಎತ್ತಿ, ಒಂದರೊಳಗೆ ಒಂದು ಕೂರಿಸಿ, ಮೊದಲ ಪುಟಕ್ಕೆ ಹೊಂದುವ ರಟ್ಟು ಹಾಕಿ, ಪಿನ್ನು ಹೊಡೆದರು. ಹನ್ನೆರಡೂ ಸಿದ್ಧ. ನಾನು ಮನಸ್ಸಿನಲ್ಲೇ ಭಾವನಿಗೆ ಕೈ ಮುಗಿದೆ. ಅವರಿಗೆ ನಾನು ಕೈ ಮುಗಿದದ್ದು ಅದೇ ಮೊದಲು, ಅದೇ ಕೊನೆ.

ಗವಸಿನ ಬೀಗರು ಬಂದು ಪಿನ್ನುಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ಮೂಸಿದರು. ಕಿವಿಯ ಹತ್ತಿರ ಹಿಡಿದು ಕೇಳಿದರು, ಏನು ಕೇಳಿಸಿತೋ. "ಅದೇ ತೂತು! ಕೂದಲೆಳೆಯಷ್ಟೂ ಆಚೀಚೆ ಇಲ್ಲ!" ಎಂದು ಭಾವನನ್ನು ಅಪ್ಪಿಕೊಂಡು, ಅಲ್ಲೇ ಹನ್ನೆರಡನ್ನೂ ಚೀಲಕ್ಕೆ ಹಾಕಿ, ಗಾಳಿ ಹೋಗುವಂತೆ ಒತ್ತಿ, ಅಂಟುಪಟ್ಟಿ ಎಳೆದರು.

ಆ ವಾರವೆಲ್ಲ ಭಾವ ನಡೆದದ್ದು ನೆಲದಿಂದ ಒಂದು ಗೇಣು ಮೇಲೆ. ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಮಗಳ ಮುಂದೆ ಮತ್ತೆ ಅದೇ ಪ್ರತಾಪ.

"ನಿಮ್ಮಮ್ಮ ಪ್ರಳಯ ಮಾಡಿದಳು. ನಾನು ಅರ್ಧ ಗಂಟೇಲಿ ಸರಿ ಮಾಡಿದೆ. ಒಂದು ಪುಟ ಹೆಚ್ಚು ಕಡಿಮೆ ಇಲ್ಲ."

ಮಗಳು ತುತ್ತು ಕೈಯಲ್ಲೇ ಹಿಡಿದು ಕೇಳಿದಳು: "ಅಪ್ಪಾ, ಯಾವ ಪುಟ ಯಾವ ಕಥೇದು ಅಂತ ಹೇಗೆ ಕಂಡುಹಿಡಿದೆ?"

"ಯಾವ ಕಥೆ ಅಂದ್ರೆ?"

"ಹನ್ನೆರಡೂ ಬೇರೆ ಬೇರೆ ಕಥೆ ಅಲ್ವಾ?"

ಭಾವನ ದವಡೆ ನಿಂತಿತು. ಬುದ್ಧಿ ಮನೆ ಬಿಟ್ಟು ಹೊರಟಿತ್ತು ಎಂದು ಕಾಣುತ್ತದೆ. ಅದು ದಾರಿಯಲ್ಲಿ ಬರುತ್ತಿರುವುದು ಅವರ ಮುಖದಲ್ಲಿ ಕಾಣಿಸಿತು. ಬಂದು ತಲುಪಿದಾಗ ತಟ್ಟೆ ಕೆಳಗೆ ಬಿತ್ತು.

"ಆದರೆ..." ಎಂದರು ಮೆಲ್ಲಗೆ, "ಪುಟಸಂಖ್ಯೆಯಲ್ಲಿ ತಪ್ಪಿಲ್ಲ."

ಮಗಳು ತಲೆಗೆ ಕೈ ಹೊತ್ತು ಬಿಡಿಸಿ ಹೇಳಿದಳು. ಪ್ರತಿ ಪುಸ್ತಕದ ಮೊದಲ ಎರಡು ಪುಟ, ಕೊನೆಯ ಎರಡು ಪುಟ ಒಂದೇ ಹಾಳೆಯಲ್ಲಿರುತ್ತವೆ, ಆದ್ದರಿಂದ ಅವು ಸರಿ. ರಟ್ಟೂ ಸರಿ. ನಡುವೆ ಇರುವುದು ಯಾರ್ಯಾರೋ. ಸಿಡಿಲಧೀರನ ಮನೆಗೆ ಕಂಡಕಂಡವರೆಲ್ಲ ನುಗ್ಗಿದ್ದಾರೆ. ಅವನ ಸಾಮಾನು ಊರೆಲ್ಲ ಚೆಲ್ಲಿದೆ.

"ನಿನ್ನ ಫ್ಯಾನು!" ಎಂದರು ಭಾವ.

"ನಿಮ್ಮ ನಂಬರು!" ಎಂದಳು ಅಕ್ಕ.

ನನಗೆ ರೇಗಿತು. "ಕಿತ್ತಾಡಿದ್ದು ಸಾಕು. ಎದ್ದೇಳಿ, ಹೋಗಿ ಪುಸ್ತಕ ವಾಪಸ್ ತರೋಣ" ಎಂದು ಭಾವನನ್ನು ಸ್ಕೂಟರಿನ ಹಿಂದೆ ಹಾಕಿಕೊಂಡು ಹೊರಟೆ.

ಬೀಗರ ಮನೆಯಲ್ಲಿ ಸೋಫಾದ ಮೇಲೂ ಪ್ಲಾಸ್ಟಿಕ್ ಹೊದಿಕೆ. ಕೂತರೆ ಕಿರ್ ಎನ್ನುತ್ತದೆ. ಭಾವ ಕಿರ್ ಎನ್ನಿಸುತ್ತಲೇ ಶುರು ಮಾಡಿದರು.

"ಬೀಗರೇ, ಆ ಪಿನ್ನು... ಒಂದು ಸಲ ಮತ್ತೆ ಬಿಗಿ ಮಾಡಿದ್ರೆ ಒಳ್ಳೇದು ಅಂತ..."

"ಚೀಲ ಮುಚ್ಚಿಬಿಟ್ಟೆನಲ್ಲ."

"ತೆರೆದ್ರಾಯ್ತು."

"ತೆರೆಯೋದಾ!" ಬೀಗರು ಎದೆ ಹಿಡಿದುಕೊಂಡರು. "ಒಳಗೆ ಗಾಳಿ ಹೋಗುತ್ತೆ, ಬೆಳಕು ಹೋಗುತ್ತೆ. ಮುಚ್ಚಿದ ಮೇಲೆ ನನ್ನಪ್ಪ ಎದ್ದು ಬಂದು ಕೇಳಿದರೂ ತೆರೆಯಲ್ಲ."

"ಹಾಗಾದ್ರೆ ಓದೋದು ಯಾವಾಗ?" ಎಂದು ನಾನು ಕೇಳಿದೆ.

"ಓದೋದಾ?" ಎಂದು ಅವರು ನನ್ನ ಕಡೆ ಕರುಣೆಯಿಂದ ನೋಡಿದರು. "ಓದಿದ್ರೆ ಹಾಳಾಗಲ್ವಾ?"

ಒಳಗಿನಿಂದ ಟೀ ತಂದ ಬೀಗಿತ್ತಿ ಲೋಟಗಳನ್ನು ಟಣ್ ಎಂದು ಇಟ್ಟರು. "ಮದುವೆಯಾಗಿ ಬಂದಾಗಿನಿಂದ ಈ ಮನೇಲಿ ನಾನು ಆ ಪುಸ್ತಕಗಳ ರಟ್ಟು ಮಾತ್ರ ನೋಡಿದೀನಿ. ಅದೂ ದೂರದಿಂದ. ಇವರ ಅಕ್ಕ ತಂಗಿಯರನ್ನಾದರೂ ಮಾತಾಡಿಸಬಹುದು, ಇವನ್ನ ಮುಟ್ಟೋ ಹಾಗಿಲ್ಲ" ಎಂದರು.

ಹೊರಗೆ ಬಂದ ಮೇಲೆ ಭಾವ ಹಗುರಾದರು. "ಓದೋದೇ ಇಲ್ಲ ಅಂತಾರಲ್ಲಪ್ಪಾ! ತೆರೆಯೋದೇ ಇಲ್ಲ! ನಮಗೇನು ಭಯ?"

ಪುಸ್ತಕವನ್ನು ಓದದವರು ಕಟ್ಟಿ, ಓದದವರು ಕೊಂಡು, ಓದದವರು ಬಹುಮಾನ ಕೊಟ್ಟರೆ ಜಗತ್ತು ಸುಖವಾಗಿ ನಡೆಯುತ್ತದೆ ಎಂದು ನನಗೂ ಆಗ ಅನಿಸಿತು.

ಸಮಾವೇಶ ಒಂದು ದೊಡ್ಡ ಸಭಾಂಗಣದಲ್ಲಿ. ಬಾಗಿಲಲ್ಲೇ ಮೂವರು ಸಿಡಿಲಧೀರರು ನಿಂತು, ಹೆಗಲ ಬಟ್ಟೆ ಮೊದಲು ನೀಲಿ ಇತ್ತೋ ಹಸಿರು ಇತ್ತೋ ಎಂದು ಕುತ್ತಿಗೆಪಟ್ಟಿ ಹಿಡಿಯುವಷ್ಟು ಜಗಳವಾಡುತ್ತಿದ್ದರು. ತಗಡು ಸುತ್ತಿಕೊಂಡ ಉಕ್ಕಜ್ಜ ಕೂರಲಾಗದೆ ಗೋಡೆಗೆ ಒರಗಿ, ಹೆಂಡತಿಯ ಕೈಯಿಂದ ಟೀ ಕುಡಿಸಿಕೊಳ್ಳುತ್ತಿದ್ದ. ಅವನ ಮಂಡಿಯ ಬೋಲ್ಟು ಸಿಕ್ಕಿಕೊಂಡಿತ್ತು. ನಾನು ಜೇಬಿನ ಸ್ಪ್ಯಾನರ್ ತೆಗೆದು ಸಡಿಲ ಮಾಡಿಕೊಟ್ಟೆ. "ದೇವರು ನಿಮಗೆ ಒಳ್ಳೇದು ಮಾಡ್ಲಿ ಅಣ್ಣಾ" ಎಂದ ಲೋಕರಕ್ಷಕ. ಭಾವ ಕಂಡ ಕಂಡ ವೇಷಕ್ಕೆಲ್ಲ ನಮಸ್ಕಾರ ಮಾಡುತ್ತಾ, "ನಿಮ್ಮ ಸಂಚಿಕೆ ಓದಿದೀನಿ, ಬಹಳ ಚೆನ್ನಾಗಿದೆ" ಎನ್ನುತ್ತಾ ಸಾಗಿದರು. ಅವರಲ್ಲಿ ಒಬ್ಬ ಸಭಾಂಗಣದ ಕಾವಲುಗಾರ.

ಬಹುಮಾನದ ತೀರ್ಪುಗಾರರು ಸಣಕಲು ಮನುಷ್ಯ. ನಗುವುದನ್ನು ವೈದ್ಯರು ಬೇಡವೆಂದಿರಬೇಕು. ಬೀಗರ ಮೇಜಿಗೆ ಬಂದವರೇ ಹೇಳಿದರು: "ಒಂದನ್ನ ತೆರೆದು ಪರೀಕ್ಷೆ ಮಾಡಬೇಕು. ನಿಯಮ."

ಭಾವ ನನ್ನ ತೋಳು ಹಿಡಿದುಕೊಂಡರು. ಅವರ ಉಗುರಿನ ಗುರುತು ಎರಡು ದಿನ ಇತ್ತು. ಬೀಗರು ಸಿಡಿಲಧೀರನ ಚೀಲದ ಪಟ್ಟಿ ಬಿಚ್ಚಿದರು. ತೀರ್ಪುಗಾರರು ಪುಸ್ತಕ ಮೂಸಿದರು. ಮೂಲೆ ಅಳೆದರು. ಪಿನ್ನು ನೋಡಿದರು. ಆಮೇಲೆ ಒಂದೊಂದೇ ಪುಟದ ಕೆಳಮೂಲೆ ಎತ್ತುತ್ತಾ ಎಣಿಸಿದರು. "ಒಂದು, ಎರಡು, ಮೂರು..." ಮೂವತ್ತೆರಡರ ತನಕ. ಚಿತ್ರದ ಕಡೆ ಕಣ್ಣು ಹೋಗಲೇ ಇಲ್ಲ.

"ಪುಟಗಳು ಸಂಪೂರ್ಣ. ಕ್ರಮಬದ್ಧ" ಎಂದರು.

ಭಾವನ ಮುಖದಲ್ಲಿ ಒಬ್ಬ ಬೈಂಡರ್ ಇನ್ನೊಬ್ಬ ಬೈಂಡರನ್ನು ಕಂಡ ಸಂತೋಷ. ನಾನು ತಡೆಯಲಾರದೆ, "ಓದಿ ನೋಡಲ್ವಾ ಸ್ವಾಮಿ?" ಎಂದೆ. ಅಕ್ಕಸಾಲಿಗೆ ಬಳೆಯನ್ನು ಕಚ್ಚಿ ತಿನ್ನು ಎಂದರೆ ಹೇಗೆ ನೋಡುತ್ತಾನೋ ಹಾಗೆ ನೋಡಿದರು.

ಬಹುಮಾನ ನಮ್ಮ ಬೀಗರಿಗೇ ಬಂತು. ಬೀಗರು ವೇದಿಕೆ ಹತ್ತಿ, ಸಿಡಿಲಧೀರನನ್ನು ಎದೆಗೆ ಒತ್ತಿಕೊಂಡು, ಮೈಕು ಹಿಡಿದರು. ಕೆಳಗೆ ಮೊದಲ ಸಾಲಿನಲ್ಲಿ ಹುಡುಗ, ಅಕ್ಕನ ಮಗಳು. ಅಕ್ಕ ಆಗಲೇ ಸೆರಗು ಕಣ್ಣಿಗೆ ತಂದುಕೊಂಡಿದ್ದಳು.

"ಈ ಸಂತೋಷದ ಜೊತೆಗೆ ಇನ್ನೊಂದು ಶುಭ ಸಮಾಚಾರ..." ಎಂದರು ಬೀಗರು.

"ತಡೀರಿ."

ಬೀಗಿತ್ತಿ ವೇದಿಕೆ ಹತ್ತಿದ್ದರು. "ಚೀಲ ಹೇಗೂ ಬಿಚ್ಚಿದೆ. ಕೊಡಿ ಇಲ್ಲಿ. ಇಷ್ಟು ವರ್ಷ ನನ್ನ ಮನೇಲಿ ನನಗಿಂತ ಸುಖವಾಗಿದ್ದವನ ಕಥೆ ಏನು ಅಂತ ಇವತ್ತು ನೋಡೇಬಿಡ್ತೀನಿ." ಸಭೆ ಚಪ್ಪಾಳೆ ಹೊಡೆಯಿತು. ಅಷ್ಟು ಜನರ ಎದುರು ಹೆಂಡತಿಯ ಕೈಯಿಂದ ಪುಸ್ತಕ ಕಿತ್ತುಕೊಳ್ಳುವ ಗಂಡಸು ಇನ್ನೂ ಹುಟ್ಟಿಲ್ಲ. ಬೀಗರು ಗೊಂಬೆಯ ಹಾಗೆ ನಿಂತರು.

"ಬೇಡ ಬೀಗಿತ್ತೀ!" ಎಂದು ಭಾವ ಕೆಳಗಿನಿಂದ ಕೂಗಿದರು. "ಸಣ್ಣ ಅಕ್ಷರ! ಕಣ್ಣಿಗೆ ಒಳ್ಳೇದಲ್ಲ!"

ಬೀಗಿತ್ತಿ ಬೆರಳನ್ನು ನಾಲಗೆಗೆ ಮುಟ್ಟಿಸಿ ಪುಟ ತಿರುಗಿಸಿದರು. ಸಭೆಯಲ್ಲಿ ಇಬ್ಬರು ಸಂಗ್ರಾಹಕರು ಕುರ್ಚಿಗೆ ಕುಸಿದರು. ಬೀಗಿತ್ತಿ ಗಟ್ಟಿಯಾಗಿ ಓದತೊಡಗಿದರು. ಸಿಡಿಲಧೀರ ಗಡಿಯಾರ ಗೋಪುರ ಹತ್ತುತ್ತಾನೆ. ಎರಡನೇ ಪುಟದ ಕೊನೆಯಲ್ಲಿ ಕಾಲು ಜಾರುತ್ತದೆ. "'ಅಯ್ಯೋ! ನನ್ನ ಶಕ್ತಿಯೆಲ್ಲ ಉಡುಗಿತು! ಯಾರಾದರೂ ಕಾಪಾಡಿ!'"

ಸಭೆ ಉಸಿರು ಹಿಡಿಯಿತು. ಬೀಗಿತ್ತಿಯ ಕಣ್ಣು ಎದುರು ಪುಟಕ್ಕೆ ಹೋಯಿತು.

"'ಮೊದಲು ಊಟ ಮುಗಿಸುತ್ತೇನೆ,' ಎಂದನು ಉಕ್ಕಜ್ಜ."

ಛಾವಣಿ ಹಾರುವಂಥ ನಗು. ತಗಡಿನ ಉಕ್ಕಜ್ಜ ಗೋಡೆಯ ಹತ್ತಿರ ಡಬಡಬ ಎದೆ ಬಡಿದುಕೊಂಡ. ಬೀಗಿತ್ತಿಗೆ ಹುರುಪು ಬಂತು. ಉಕ್ಕಜ್ಜ ಬಾಯಿ ಒರೆಸಿಕೊಂಡು "ಬಂದೆ, ಬಂದೆ" ಎನ್ನುವ ಹೊತ್ತಿಗೆ ಐದನೇ ಪುಟ. ಅಲ್ಲಿ ಮದುಮಗಳ ಉಡುಪಿನಲ್ಲಿ ಮಂಜುಗಣ್ಣಿ. "'ಇಷ್ಟು ಹೊತ್ತು ಎಲ್ಲಿದ್ದೆ? ಅತಿಥಿಗಳೆಲ್ಲ ಎದ್ದು ಹೋದರು! ಆದರೂ ಜಗತ್ತಿನಲ್ಲಿ ನಾನು ವರಿಸುವುದು ಒಬ್ಬನನ್ನೇ. ಅವನು...'" ಆರನೇ ಪುಟ ಮುಗಿದು ಏಳು ಬಂತು. "'ಹ್ಹ ಹ್ಹ ಹ್ಹ! ನಾನೇ!' ಎಂದನು ದುಷ್ಟ ಪ್ರೊಫೆಸರ್ ವಿಷಮ."

ಜನ ಕುರ್ಚಿಯ ಮೇಲೆ ಹತ್ತಿ ನಿಂತರು. "ಇದು ಎಲ್ಲ ವೀರರೂ ಒಟ್ಟಿಗೆ ಬಂದ ಅಪರೂಪದ ಸಂಚಿಕೆ!" ಎಂದ ಒಬ್ಬ ಸಿಡಿಲಧೀರ. "ನಾನು ಚಿಕ್ಕವನಿದ್ದಾಗ ಓದಿದೀನಿ, ಕೊನೇಲಿ ಪ್ರೊಫೆಸರನಿಗೇ ಮದುವೆ ಆಗೋದು" ಎಂದ ಇನ್ನೊಬ್ಬ ಸಿಡಿಲಧೀರ. ಇಂಥ ಸುಳ್ಳುಗಾರರಿಂದ ಊರಿನ ರಕ್ಷಣೆ!

ಗವಸಿನ ಬೀಗರು ಮಾತ್ರ ನಗಲಿಲ್ಲ. "ನದಿ" ಎಂದರು. "ಮೂರನೇ ಪುಟದಲ್ಲಿ ಅವನು ನದಿಗೆ ಬೀಳಬೇಕು, ಚಿಕ್ಕಂದಿನಲ್ಲಿ ಅಷ್ಟರ ತನಕ ಓದಿದೀನಿ. ಎಲ್ಲಿ ನನ್ನ ನದಿ?" ಮೆಲ್ಲಗೆ ತಲೆ ತಿರುಗಿಸಿ ಭಾವನನ್ನು ಹುಡುಕಿದರು.

ಭಾವ ಎದ್ದು ನಿಂತು, ಕೈ ಜೋಡಿಸಿ, ಸಭೆಯೆದುರು ಹೇಳಿದ ಮಾತನ್ನು ನಾನು ಸಾಯುವ ತನಕ ಮರೆಯಲಾರೆ. "ಎರಡಾದ ಮೇಲೆ ಮೂರೇ ಇದೆ ಬೀಗರೇ. ಬೇಕಾದ್ರೆ ನೋಡಿ."

"ಶುಭ ಸಮಾಚಾರ ಇಲ್ಲ!" ಎಂದು ಬೀಗರು ಮೈಕಿನಲ್ಲಿ ಕಿರುಚಿದರು. "ಮದುವೆ ಇಲ್ಲ! ಬೀಗತನ ಇಲ್ಲ! ಒಲೆ ಹಚ್ಚಲಿಲ್ಲ ಅಂದ್ರಲ್ಲ ನೀವು! ನನ್ನ ಸಿಡಿಲಧೀರನನ್ನ ಎರಡನೇ ಸಲ ಕೊಂದ್ರಲ್ಲ!"

ಅಕ್ಕನ ಮಗಳು ಬಿಳಿಚಿಕೊಂಡಳು. ಹುಡುಗ ಎದ್ದು ಅಪ್ಪನ ಕಡೆ ಹೆಜ್ಜೆ ಇಟ್ಟ. ನನಗೆ ಎಲ್ಲಿಂದ ಬಂತೋ ಸಿಟ್ಟು, ಮೆಟ್ಟಿಲು ಹುಡುಕುವ ತಾಳ್ಮೆಯಿಲ್ಲದೆ ವೇದಿಕೆಗೆ ಎದುರಿನಿಂದಲೇ ಹತ್ತಿದೆ. ಪ್ಯಾಂಟು ಹರಿಯಿತು. ಹರಿಯಲಿ.

"ಏನ್ರೀ ಕೊಂದದ್ದು?" ಎಂದೆ. "ಚೀಲದಲ್ಲಿ ಉಸಿರು ಕಟ್ಟಿಸಿ ಇಟ್ಟವರು ನೀವು! ನಮ್ಮ ಭಾವ ದಡ್ಡ, ಒಪ್ಪಿದೆ. ಸುಳ್ಳ, ಅದೂ ಒಪ್ಪಿದೆ. ಆದರೆ ಆ ಬಡಪಾಯಿ ಗೋಪುರದಿಂದ ಬಿದ್ದು ಇನ್ನೂ ನೆಲ ಮುಟ್ಟಿಲ್ಲ. ಅಷ್ಟು ಪ್ರೀತಿ ಇದ್ರೆ ಮದುವೆ ಮುರಿಯೋದು ಆಮೇಲೆ ಇಟ್ಕೊಳ್ಳಿ, ಮೊದಲು ಅವನನ್ನ ನದಿಗೆ ಬೀಳಿಸಿ!"

"ಬೀಳಿಸಿ! ಬೀಳಿಸಿ!" ಎಂದು ಸಭೆ ಕೂಗಿತು.

ಬೀಗರು ಒಮ್ಮೆ ಸಭೆಯನ್ನು, ಒಮ್ಮೆ ಮುಚ್ಚಿದ ಹನ್ನೊಂದು ಚೀಲಗಳನ್ನು ನೋಡಿದರು. ಆಮೇಲೆ ಒಂದು ಚೀಲದ ಪಟ್ಟಿ ಎಳೆದರು. ಗವಸು ಹಾಕಿದ ಬೆರಳಿಗೆ ಪುಟ ಸಿಗಲಿಲ್ಲ. ಮತ್ತೆ ಪ್ರಯತ್ನಿಸಿದರು. ಸಿಗಲಿಲ್ಲ. ಹಲ್ಲಿನಿಂದ ಗವಸು ಎಳೆದು ಎಸೆದರು. ಆ ಕೈಗಳನ್ನು ನಾನು ಮೊದಲ ಸಲ ನೋಡಿದೆ. ಬಿಸಿಲು ಕಾಣದ ಕೈಗಳು, ಎಳೆ ಮಗುವಿನ ಪಾದದ ಹಾಗಿದ್ದವು.

ಆಮೇಲೆ ನಡೆದದ್ದು ಯುದ್ಧಕಾಲದ ಕೆಲಸ. ಭಾವ ವೇದಿಕೆಯ ಮೇಲೆ ಕೂತು ಪಿನ್ನು ಬಿಚ್ಚಿದರು. ಮೂವರು ಸಿಡಿಲಧೀರರು ಸಿಡಿಲಧೀರನ ಹಾಳೆ ಆರಿಸಿದರು, ಮಂಜುಗಣ್ಣಿ ತನ್ನವನ್ನು ಆರಿಸಿದಳು, ಬಗ್ಗಲಾಗದ ಉಕ್ಕಜ್ಜನಿಗೆ ಅವನ ಹೆಂಡತಿ ಆರಿಸಿ ಕೊಟ್ಟಳು. ನಂಬರನ್ನು ಯಾರೂ ನೋಡಲಿಲ್ಲ. ಒಂದು ಮೂಗು, ಒಂದು ಬೂಟು ಕಂಡರೆ ಸಾಕು, ಯಾರದೆಂದು ಹೇಳುತ್ತಿದ್ದರು. ಬಹುಮಾನ ವಾಪಸ್ ಕೇಳಲು ಬಂದ ತೀರ್ಪುಗಾರರು ರಬ್ಬರ್ ರಾಯನ ಒಂದು ಹಾಳೆ ಎತ್ತಿಕೊಂಡು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಅವರ ಹೊಟ್ಟೆ ಕುಲುಕುತ್ತಿತ್ತು. ಅದು ನಗು ಎಂದು ಆಮೇಲೆ ತಿಳಿಯಿತು.

ಸಿಡಿಲಧೀರ ಕೊನೆಗೂ ನದಿಗೆ ಬಿದ್ದ. ಬೀಗರು ವೇದಿಕೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಮೊಣಕೈ ಊರಿ ಓದುತ್ತಿದ್ದರು. ಪಕ್ಕದಲ್ಲಿ ಬೀಗಿತ್ತಿ ಕೂತು ಇಣುಕುತ್ತಿದ್ದರು. ಪ್ರೊಫೆಸರ್ ವಿಷಮ ಸಿಡಿಲಧೀರನನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ, ಬೀಗ ಜಡಿದು, ನದಿಯ ತಳಕ್ಕೆ ಬಿಟ್ಟಿದ್ದ. ಪೆಟ್ಟಿಗೆಗೆ ನೀರು ನುಗ್ಗುತ್ತಿತ್ತು. ಮೂಗಿನ ತನಕ ಬಂದಿತ್ತು. ಹನ್ನೆರಡನೇ ಪುಟ ಮುಗಿಯಿತು.

"ಹದಿಮೂರು! ಹದಿಮೂರನೇ ಪುಟ ಯಾರ ಹತ್ತಿರ ಇದೆ?"

"ನನ್ನ ಹತ್ತಿರ" ಎಂದಳು ಅಕ್ಕನ ಮಗಳು. ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು.

"ಕೊಡಮ್ಮ, ಬೇಗ! ಮುಳುಗ್ತಾ ಇದಾನೆ!"

"ಕೊಡ್ತೀನಿ ಮಾವ. ದಿನ ಹೇಳಿ."

"ಯಾವ ದಿನ?"

"ಮದುವೆ ದಿನ."

ಬೀಗರು ಎದ್ದು ಕೂತರು. "ಏನಿದು! ಇದು ಖಳನಾಯಕರು ಮಾಡೋ ಕೆಲಸ!"

"ಅಲ್ಲ ಮಾವ. ಸೊಸೆಯಂದಿರು ಮಾಡೋ ಕೆಲಸ."

ಬೀಗರು ಸಹಾಯಕ್ಕಾಗಿ ಮಗನ ಕಡೆ ನೋಡಿದರು. ಅವನು ಛಾವಣಿಯ ದೀಪಗಳನ್ನು ಎಣಿಸುತ್ತಿದ್ದ. ಹೆಂಡತಿಯ ಕಡೆ ನೋಡಿದರು.

"ಕೇಳಿದ್ದು ಕೊಟ್ಟು ಪುಟ ಇಸ್ಕೊಳ್ರೀ. ಪಾಪ, ನೀರು ಮೂಗಿಗೆ ಬಂದಿದೆ" ಎಂದರು ಬೀಗಿತ್ತಿ.

"ಮುಂದಿನ ತಿಂಗಳು!"

"ಮುಂದಿನ ತಿಂಗಳು ಯಾವತ್ತು?"

"ಮೊದಲನೇ ಭಾನುವಾರ! ಕೊಡು!"

"ಮೈಕಲ್ಲಿ ಹೇಳಿ ಮಾವ."

ನಾನೇ ಮೈಕು ಕಿತ್ತು ತಂದು ಅವರ ಬಾಯಿಗೆ ಹಿಡಿದೆ. ಬೀಗರು ಒಂದೇ ಉಸಿರಿಗೆ ಹೇಳಿದರು: ಮಗನ ಮದುವೆ, ಈ ಹುಡುಗಿಯ ಜೊತೆಗೆ, ಮೊದಲನೇ ಭಾನುವಾರ, ಎಲ್ಲರೂ ಬರಬೇಕು. ಸಭೆ ಸಿಡಿಯಿತು. ಉಕ್ಕಜ್ಜ ಮೈಮೇಲಿನ ತಗಡು ಬಡಿದ. ಅಕ್ಕ ಭಾವನನ್ನು ಅಪ್ಪಿಕೊಂಡು, ನಡುವೆ ನೆನಪಾಗಿ ಒಂದು ಗುದ್ದು ಕೊಟ್ಟು, ಮತ್ತೆ ಅಪ್ಪಿಕೊಂಡಳು. ಜನ ಸಾಲುಗಟ್ಟಿ ಬಂದು ಬೀಗರ ಕೈ ಕುಲುಕಲು ನಿಂತರು.

ಬೀಗರು ಆಗಲೇ ಮತ್ತೆ ಬೋರಲಾಗಿ ಮಲಗಿದ್ದರು. ತಲೆ ಎತ್ತದೆ, ಬರಿಗೈ ಮೇಲೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

"ಶ್! ಗಲಾಟೆ ಮಾಡಬೇಡಿ. ಬೀಗ ಒಡೀತಾ ಇದಾನೆ."